ಕುದುರೆಯ ಕಣ್ಣಂಚು

ಕರೆಗಂಟೆ ಸದ್ದು ಮಾಡಿತು. ಪ್ರೊಫೆಸರಳ ಕೈಯಲ್ಲಿದ್ದ ಲೋಟ ಜಾರಿ ನೆಲಕ್ಕೆ ಬಿತ್ತು.

ಅತ್ತೆ ಎದ್ದು ಹೋಗಿ, ಒಂದು ಲಕೋಟೆ ಹಿಡಿದು ಬಂದರು. "ಪೋಸ್ಟಿನವನು ಕಣೇ. ಕೊಲೆ ಮೇಲೆ ಎಂಟು ಪುಸ್ತಕ ಬರೆದೋಳು, ಗಂಟೆ ಸದ್ದಿಗೆ ಹೀಗೆ ಬೆಚ್ಚಿಬಿದ್ರೆ ನಿನ್ನ ಓದುಗರು ನಗೋಲ್ವಾ?"

ಅವಳಿಗೆ ನಗು ಬರಲಿಲ್ಲ. ವಾರದಿಂದ ನಿದ್ದೆಯಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಸಾಕು, ಎದ್ದು ಹೋಗಿ ಚಿಲಕ ನೋಡುತ್ತಿದ್ದಳು.

ಅವಳ ಗಂಡ ಹಳೆಯ ಚಿತ್ರಗಳನ್ನು ಶುಚಿಮಾಡುವ ಕೆಲಸಗಾರ. ಆರು ತಿಂಗಳ ಹಿಂದೆ ಹಳೆಯ ಸಭಾಂಗಣದ ಛಾವಣಿ ಚಿತ್ರದ ಮಸಿ ಒರೆಸುತ್ತಿದ್ದಾಗ ಅಟ್ಟಣಿಗೆಯಿಂದ ಬಿದ್ದು ಸತ್ತ. ಅಪಘಾತ ಎಂದಿದ್ದ ಪೊಲೀಸರು ಕಳೆದ ವಾರ ಬಂದು ಬೇರೆ ಮಾತಾಡಿದರು. ಅವನ ಸೊಂಟದ ಹಗ್ಗ ಹರಿದಿರಲಿಲ್ಲ. ಯಾರೋ ಬಿಚ್ಚಿದ್ದರು.

"ತಳ್ಳಿದ ಕೈ ಇನ್ನೂ ಹೊರಗೇ ಇದೆ," ಎಂದರು ಅತ್ತೆ. "ಇರ್ಲಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಒಂದಿನ ಸಿಕ್ಕೇ ಸಿಗುತ್ತೆ."

"ಬಾಗಿಲು ಹಾಕಿದ್ರಾ ಅತ್ತೆ?"

"ಹಾಕಿದೀನಿ. ನೀನು ಕೂತ್ಕೋ."

ನಿವೃತ್ತ ಶಾಲಾ ಶಿಕ್ಷಕಿಯಾದ ಅತ್ತೆಯೇ ಸೊಸೆಯ ಪತ್ತೇದಾರಿ ಕಾದಂಬರಿಗಳ ಮೊದಲ ಓದುಗರು. 'ಬರಿ, ಮನಸ್ಸು ಹಗುರಾಗುತ್ತೆ' ಎಂದು ಬೆನ್ನುಹತ್ತಿ ಒಂಬತ್ತನೆಯದನ್ನು ಬರೆಸಿದವರೂ ಅವರೇ. ಅದರಲ್ಲಿ ಅವಳು ಊರು ಬದಲಿಸಿದ್ದಳು. ಸಾಯುವವನನ್ನು ಹೆಂಗಸು ಮಾಡಿದ್ದಳು, ಬೀಳುವುದನ್ನು ವಿಷ ಮಾಡಿದ್ದಳು. ಛಾವಣಿ ಚಿತ್ರ ಮಾತ್ರ ಅದೇ. ಅದು ಹೆಸರಾಂತ ಚಿತ್ರಶಾಲೆಯೊಂದರ ಮಹಾಗುರುವಿನ ಕೈಕೆಲಸವೆಂದು, ಶಿಷ್ಯನದಲ್ಲವೆಂದು ಸಾಧಿಸಿದ ಪುಸ್ತಕವೇ ಅವಳಿಗೆ ಕಲಾ ಇತಿಹಾಸ ವಿಭಾಗದ ಮುಖ್ಯಸ್ಥೆಯ ಕುರ್ಚಿ ಕೊಟ್ಟದ್ದು.

ಅತ್ತೆ ಪೆನ್ಸಿಲ್ ಹಿಡಿದು ಆ ಕಾದಂಬರಿಯ ಹಸ್ತಪ್ರತಿಯ ಹಾಳೆ ತಿರುವಿದರು. "ಈ ಸೈನಿಕ ಎಡಗೈಲಿ ಕತ್ತಿ ಹಿಡಿದಿದಾನಲ್ಲ, ತಪ್ಪಲ್ವಾ?"

"ಚಿತ್ರದಲ್ಲಿ ಹಾಗೇ ಇದೆ ಅತ್ತೆ."

"ರಾಣಿಗೆ ಒಂದೇ ಕಿವಿಗೆ ಓಲೆ?"

"ಹಾಗೇ ಇದೆ." ಈ ಪ್ರಶ್ನೆಗಳಿಂದ ಅವಳಿಗೆ ಉಸಿರು ಸಲೀಸಾಯಿತು. ಇದು ತರಗತಿಯ ಮಾತು, ಇಪ್ಪತ್ತು ವರ್ಷದ ರೂಢಿ. "ನಾನು ನೋಡದೆ ಒಂದು ಗೆರೆನೂ ಬರೆಯೋಳಲ್ಲ, ನಿಮಗೆ ಗೊತ್ತಲ್ಲ."

"ಗೊತ್ತು ಗೊತ್ತು. ಕುದುರೆ ಕಣ್ಣಂಚಲ್ಲಿ ಒಂದು ನೊಣ ಕೂತಿದೆ ಅಂತ ಬರೆದಿದೀಯ. ಇದು ಕಥೆಗೆ ಅಂತ ಕಟ್ಟಿದ್ದೋ?"

"ಇಲ್ಲ ಅತ್ತೆ, ಅದೂ ಹಾಗೇ ಇದೆ."

ಅತ್ತೆ ಪೆನ್ಸಿಲ್ ಕೆಳಗಿಟ್ಟರು.

"ಅವತ್ತು ಅಟ್ಟಣಿಗೆ ಮೇಲಿಂದಲೇ ಮಗ ನನಗೆ ಫೋನ್ ಮಾಡಿದ್ದ. 'ಅಮ್ಮಾ, ಈಗ ತಾನೆ ಮಸಿ ಒರೆಸಿದೆ, ಕುದುರೆ ಕಣ್ಣಂಚಲ್ಲಿ ಒಂದು ನೊಣ ಸಿಕ್ತು. ತನ್ನ ಗುರುತಿಗೆ ಅಂತ ನೊಣ ಬಿಡಿಸ್ತಿದ್ದೋನು ಶಿಷ್ಯ, ಗುರು ಅಲ್ಲ. ಪಾಪ, ಇವಳ ಪುಸ್ತಕ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು' ಅಂದ. ಸಂಜೆ ಪೊಲೀಸರು ಹತ್ತಿ ತೆಗೆದ ಫೋಟೋದಲ್ಲಿ ನೋಡಿದ್ರೆ ನೊಣ ಇರ್ಲಿಲ್ಲ. ಯಾರೋ ಮತ್ತೆ ಮಸಿ ಬಳಿದಿದ್ರು."

ಪ್ರೊಫೆಸರ್ ಹಾಳೆಗಳತ್ತ ಕೈ ಚಾಚಿದಳು; ಅತ್ತೆ ಅವನ್ನು ತಮ್ಮತ್ತ ಎಳೆದುಕೊಂಡರು.

"ಆ ನೊಣದ ಮಾತು ಯಾರ ಬಾಯಿಂದ ಬರುತ್ತೋ ಅಂತ ಆರು ತಿಂಗಳಿಂದ ಕಾಯ್ತಿದ್ದೆ ಕಣೇ."