ಗೆರೆ ಇಳಿಯುವ ತನಕ

"ಭಾವಾ, ಬೆಲೆ ಜಾರ್ತಾನೇ ಇದೆ. ಮಾರಿಬಿಡ್ಲಾ?" ಫೋನಿನಲ್ಲಿ ಹೆಂಡತಿಯ ತಮ್ಮ ಕೇಳಿದ.

"ಬೆಲೆ ನೋಡ್ಬೇಡ ಕಣೋ, ಗೆರೆ ನೋಡು. ನೀಲಿ ಗೆರೆ ಕೆಂಪಿನ ಕೆಳಗೆ ಇಳೀಲಿ, ನಾನೇ ಹೇಳ್ತೀನಿ." ಷೇರಿನ ಬೆಲೆ ಕುಣಿಯುವುದನ್ನು ಕಂಡು ಎದೆ ಢವಗುಟ್ಟದಿರಲೆಂದು ಭಾವ ತನ್ನ ಕಂಪ್ಯೂಟರ್ ಪರದೆಯಲ್ಲಿ ಬೆಲೆ ತೋರುವ ಮೂಲೆಗೆ ಕಾಗದದ ಚೂರು ಅಂಟಿಸಿದ್ದ. ಕಾಣುತ್ತಿದ್ದುದು ಹಿಂದಿನ ಹತ್ತು ದಿನಗಳ ಸರಾಸರಿ ಬೆಲೆಯ ನೀಲಿ ಗೆರೆ, ಐವತ್ತು ದಿನಗಳ ಕೆಂಪು ಗೆರೆ, ಅಷ್ಟೇ. ಎರಡೂ ಊಟ ಮುಗಿಸಿ ಅಡ್ಡಾದವರಂತೆ ಹಾಯಾಗಿದ್ದವು.

ಮಾತು ಮುಗಿಯುವಷ್ಟರಲ್ಲಿ ನೀಲಿ ಬಾಗಿ ಕೆಂಪನ್ನು ದಾಟಿ ಕೆಳಗಿಳಿಯಿತು. "ಈಗ ಮಾರೋ!" ಎಂದು ಕೂಗಿ ತಾನೂ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಹಿಂದೆ ನಿಂತಿದ್ದ ಹೆಂಡತಿ ಕೈಚಾಚಿ ಕಾಗದ ಕಿತ್ತಳು. ಬೆಲೆ ಅರ್ಧಕ್ಕಿಳಿದಿತ್ತು. ಅದರ ಕೆಳಗೆ, ಕೊಳ್ಳುವವರು: ಸೊನ್ನೆ.

ಫೋನು ಇನ್ನೂ ಕಿವಿಯಲ್ಲೇ ಇತ್ತು. "ಭಾವಾ... ಯಾರಿಗೆ ಮಾರ್ಲಿ?"