ತೆರೆದೇ ಇದ್ದ ಫೈಲು

ಸತ್ತವರ ನೆನಪುಗಳನ್ನು ತಿಥಿಯ ದಿನವೇ ಕ್ಲೌಡಿಗೆ ಕಳಿಸಿಬಿಡುವುದು ಈಗ ಎಲ್ಲರ ಮನೆಯ ಪದ್ಧತಿ. ಅಲ್ಲಿಗೆ ಹೋದದ್ದು ತಲೆಯಿಂದ ಅಳಿಸಿಹೋಗುತ್ತದೆ, ಅದರ ಜೊತೆ ದುಃಖವೂ. ಗಂಡನ ತಿಥಿಯ ದಿನ ನೀಲವ್ವನ ಕಿವಿಯ ಹಿಂದೆ ವೈರು ಅಂಟಿಸಿ ಮಗಳು ಕಸ್ತೂರಿ ಕಂಪ್ಯೂಟರಿನಲ್ಲಿ ನೆನಪು ಕಳಿಸುವ ಸ್ಕ್ರಿಪ್ಟ್ ಓಡಿಸಿದಳು. ಅವನ ಜೊತೆಗಿನ ಮದುವೆ, ಅವನ ಸಿಟ್ಟು, ಕೆಮ್ಮು ಎಲ್ಲ ಸಾಲಾಗಿ ಹೋದವು. ಒಂದು ಮಾತ್ರ ನಿಂತಿತು.

“ಯವ್ವಾ, ಒಂದು ಫೈಲ್ ಹೋಗವಲ್ದು. ಇನ್ನೂ ತೆರದೈತಿ ಅಂತ ತೋರಸಾಕತ್ತೈತಿ. ನೀ ಅದನ್ನ ನೆನಸೂದು ಬಿಡು, ತಾನಾಗೇ ಹೋಗ್ತೈತಿ.”

“ಆತವ್ವ,” ಎಂದಳು ನೀಲವ್ವ.

ಸ್ಕ್ರಿಪ್ಟ್ ಮತ್ತೆ ಮತ್ತೆ ಪ್ರಯತ್ನಿಸಿತು. ನೀಲವ್ವ ಕಣ್ಣು ಮುಚ್ಚಿ, ಗಂಡ ತನ್ನ ಚಹಾದ ಕೆನೆಯನ್ನು ಬೆರಳಿನಿಂದ ಎತ್ತಿ ಅವಳ ಕಪ್ಪಿಗೆ ಹಾಕುವುದನ್ನೇ ನೋಡುತ್ತಿದ್ದಳು.

“ಬಿಟ್ಟೀ ಏನಬೇ?”

“ತಡಿ, ಚಹಾ ಕುಡದ್ ಮುಗೀಲಿ,” ಎಂದಳು. ಅವಳ ಕೈಯಲ್ಲಿ ಕಪ್ಪಿರಲಿಲ್ಲ.