ರೆಂಜೊನ ಹುಬ್ಬು

ಬಾತ್‌ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಮದುವೆಯಾದಾಗಿನಿಂದ ಬಾಗಿಲು ತೆರೆದಿಟ್ಟೇ ಹಾಡಿಕೊಂಡು ಗಡ್ಡ ಕೆರೆದುಕೊಂಡ ಗಂಡಸು ಈಗ ಚಿಲಕ ಹಾಕಿಕೊಂಡು ಗಂಟೆಗಟ್ಟಲೆ ಕೂರುತ್ತಾನೆಂದರೆ ಹೆಂಡತಿಯಾದವಳು ಏನು ತಿಳಿಯಬೇಕು? ಮಾವಿಸ್ ತಿಳಿಯಬೇಕಾದ್ದನ್ನೇ ತಿಳಿದಳು. ಕಸದ ಬುಟ್ಟಿಯಲ್ಲಿ ಖಾಲಿ ಡಬ್ಬಿ ಸಿಕ್ಕ ಮೇಲಂತೂ ಅನುಮಾನವೇ ಉಳಿಯಲಿಲ್ಲ. ಕೂದಲಿಗೆ ಹಚ್ಚುವ ಕಂದು ಬಣ್ಣ, ತೊಳೆದರೆ ಹೋಗುವಂಥದ್ದು. ಗಂಡ ರೆಂಜೊನ ತಲೆಯೋ, ಅಪ್ಪಟ ಬೋಳು.

ಹೋಮ್ ಹಿಲ್ ಊರಿನಲ್ಲಿ ವಯಸ್ಸಾದರೂ ನರೆಯದ ಕಂದು ಕೂದಲಿದ್ದವಳು ಒಬ್ಬಳೇ: ಔಷಧಿ ಅಂಗಡಿಯ ಲೊರೆಟಾ. ವಿಧವೆ ಬೇರೆ.

ಮಾವಿಸ್‌ಳ ಹೊಟ್ಟೆ ಉರಿಯಲು ಇನ್ನೊಂದು ಕಾರಣವಿತ್ತು. ಹೋದ ವರ್ಷ ರೆಂಜೊನ ಬೆನ್ನಿನ ಕರಿ ಮಚ್ಚೆ ಕ್ಯಾನ್ಸರ್ ಎಂದು ಗೊತ್ತಾಗಿ ಕೊಯ್ದು ತೆಗೆದಿದ್ದರು. ಪಕ್ಕದ ಕಬ್ಬಿನ ಗದ್ದೆಯ ಡಡ್ಲಿಗೂ ಅದೇ ಚರ್ಮದ ಕ್ಯಾನ್ಸರ್, ಮೆಲನೋಮ. ಉಳಿದಿರಬಹುದಾದ ಕ್ಯಾನ್ಸರ್ ಕಣಗಳು ತಾವಾಗಿಯೇ ಪ್ರಾಣ ಬಿಡುವಂತೆ ಮಾಡುವ ಹೊಸ ಔಷಧಿಯನ್ನು ಟೌನ್ಸ್‌ವಿಲ್‌ನ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷಿಸುತ್ತಿದ್ದರು. ಗೆಳೆಯರಿಬ್ಬರೂ ಹೆಸರು ಕೊಟ್ಟರು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ, ಚುಚ್ಚುವ ನರ್ಸಿಗೂ ಗೊತ್ತಿಲ್ಲ. ಆದರೆ ಹೊರಗೆ ಬೆಂಚಿನ ಮೇಲೆ ಕಾಯುವ ರೋಗಿಗಳಿಗೆ ಗೊತ್ತಿಲ್ಲದ್ದುಂಟೇ? ಔಷಧಿ ಮೈಗೂ ಕೂದಲಿಗೂ ಬಣ್ಣ ಕೊಡುವ ಕಣಗಳ ಬೆನ್ನು ಹತ್ತುತ್ತದಂತೆ. ನಿಜವಾದ ಔಷಧಿ ಮೈಗೆ ಸೇರಿದವರ ಹುಬ್ಬು ಬೆಳ್ಳಗಾಗುತ್ತದಂತೆ.

ಅಂದಿನಿಂದ ಮಾವಿಸ್ ದಿನಾ ಬೆಳಗ್ಗೆ ಟೀ ಕೊಡುವ ನೆಪದಲ್ಲಿ ಗಂಡನ ಹುಬ್ಬು ನೋಡುತ್ತಿದ್ದಳು. ಕಂದು. ಮರುದಿನವೂ ಕಂದು. ನೀರು ಚುಚ್ಚಿಸಿಕೊಂಡವನು ಎಷ್ಟು ದಿನ ಬದುಕಿಯಾನೆಂದು ಅಡುಗೆಮನೆಯಲ್ಲಿ ಅಳುತ್ತಿದ್ದಳು. ಇವನು ನೋಡಿದರೆ, ಊರು ಹೋಗು ಅನ್ನುವ, ಕಾಡು ಬಾ ಅನ್ನುವ ಕಾಲದಲ್ಲಿ ಪ್ರೇಮಕ್ಕೆ ಬಿದ್ದಿದ್ದಾನೆ!

ಭಾನುವಾರ ಡಡ್ಲಿ ಊಟಕ್ಕೆ ಬಂದ. ಹೆಂಡತಿ ಸತ್ತ ಮೇಲೆ ಅವನ ಭಾನುವಾರದ ಊಟ ಇಲ್ಲೇ. ವಿಪರೀತ ಸೆಕೆ. ಅವನು ಹಣೆ ಒರೆಸಿಕೊಂಡರೆ ಕರ್ಚೀಫಿಗೆ ಕಂದುಗಪ್ಪು ಹತ್ತಿತು. ಕಟಾವಿಗೆ ಮುಂಚೆ ಕಬ್ಬಿನ ಗದ್ದೆ ಸುಡುವ ಕಾಲ, ಗಾಳಿಯೆಲ್ಲ ಮಸಿ. ಊರಲ್ಲಿ ಯಾರ ಕರ್ಚೀಫೂ ಬೆಳ್ಳಗಿರಲಿಲ್ಲ.

"ಮಂಗಳವಾರ ಗಾಡಿ ನಾನೇ ತರ್ತೀನಿ ಮಾರಾಯ," ಎಂದ ಡಡ್ಲಿ, ತಟ್ಟೆ ನೋಡುತ್ತಾ. "ಏನೇ ಆಗ್ಲಿ, ಸೂಜಿ ಮಾತ್ರ ತಪ್ಪಿಸ್ಬೇಡ."

"ನೀನು ತಪ್ಪಿಸ್ಬೇಡ," ಎಂದ ರೆಂಜೊ, ತಾನೂ ತಟ್ಟೆ ನೋಡುತ್ತಾ.

ಡಡ್ಲಿ ಅತ್ತ ಹೋದದ್ದೇ ತಡ, ಮಾವಿಸ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಯಾರವಳು? ಲೊರೆಟಾನಾ? ಬೋಳು ತಲೆಯವನ ಮನೇಲಿ ಕೂದಲ ಬಣ್ಣಕ್ಕೇನು ಕೆಲ್ಸ?"

ರೆಂಜೊ ಕಕ್ಕಾಬಿಕ್ಕಿಯಾದ. ಆಮೇಲೆ ನಲ್ಲಿ ತಿರುಗಿಸಿ, ಸೋಪು ಹಚ್ಚಿ, ಹುಬ್ಬು ಉಜ್ಜಿಕೊಂಡು ಮುಖ ಎತ್ತಿದ. ಹುಬ್ಬು ಹಿಂಜಿದ ಹತ್ತಿಯ ಹಾಗಿತ್ತು.

ಮಾವಿಸ್ ಅವನ ಕೆನ್ನೆಗೊಂದು ಬಾರಿಸಿದಳು, ಬಾಚಿ ತಬ್ಬಿಕೊಂಡಳು, ಗೊಳೋ ಎಂದು ಅತ್ತಳು. ಇಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

"ನಿಂಗೆ ನಿಜವಾದ ಔಷಧಿನೇ ಸಿಕ್ತಿದೆ! ನಂಗ್ಯಾಕೋ ಹೇಳ್ಲಿಲ್ಲ, ಪಾಪಿ?"

"ನಿನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ ಕಣೇ! ಡಡ್ಲಿ ಹುಬ್ಬು ನೋಡಿದ್ಯಾ? ಒಂದು ಕೂದಲೂ ಬೆಳ್ಳಗಾಗಿಲ್ಲ. ನನ್ನದು ಕಂಡ್ರೆ ತನಗೆ ನೀರು ಅಂತ ಗೊತ್ತಾಗ್ಬಿಡುತ್ತೆ. ಆಮೇಲೆ ಆಸ್ಪತ್ರೆ ಕಡೆ ತಲೆ ಹಾಕಿ ಮಲಗ್ತಾನಾ ಅವನು? ಒಬ್ಬಂಟಿ ಬೇರೆ. ಎದೆ ಒಡ್ಕೊಂಡೇ ಸಾಯ್ತಾನೆ."

ಪಾಪದ ಡಡ್ಲಿಗಾಗಿ ಇಬ್ಬರೂ ಇನ್ನೊಂದು ಸುತ್ತು ಅತ್ತರು. ಬಾಯಿಗೆ ಬೀಗ ಹಾಕುತ್ತೇನೆಂದು ಮಾವಿಸ್ ಆಣೆ ಮಾಡಿದಳು. ಸೋಮವಾರ ತಾನೇ ಅಂಗಡಿಗೆ ಹೋಗಿ, ಲೊರೆಟಾಳಿಗೆ ಮನಸ್ಸಿನಲ್ಲೇ ತಪ್ಪಾಯಿತೆಂದು ಹೇಳಿ, ಕಂದು ಬಣ್ಣದ ಡಬ್ಬಿ ಕೇಳಿದಳು.

"ನಿನ್ನ ಕೂದಲಿಗೆ ಅಂತ ರೆಂಜೊ ಒಯ್ತಿದ್ನಲ್ಲ, ಅದೇ ತಾನೆ? ನಿನ್ನ ತಲೆ ನೋಡಿದ್ರೆ ಹಚ್ಕೊಂಡ ಹಾಗೇ ಕಾಣಲ್ಲ!" ಎಂದು ನಕ್ಕ ಲೊರೆಟಾ ದನಿ ತಗ್ಗಿಸಿದಳು. "ಖಾಲಿ ಕಣೇ. ಇದ್ದದ್ದೆಲ್ಲ ಬೆಳಗ್ಗೆ ಡಡ್ಲಿ ಹೊತ್ಕೊಂಡು ಹೋದ. ಹುಬ್ಬೆಲ್ಲ ಬೆಳ್ಳಗಾಗ್ಬಿಟ್ಟಿದ್ಯಂತೆ. ರೆಂಜೊಗೆ ಮಾತ್ರ ಹೇಳ್ಬೇಡ. ಪಾಪ, ಅವನಿಗೆ ಸಿಗ್ತಿರೋದು ಬರೀ ನೀರು ಅಂತ ಡಡ್ಲಿ ಇಲ್ಲೇ ನಿಂತ್ಕೊಂಡು ಅತ್ತೇಬಿಟ್ಟ."